ಖಾಲಿ ಗಣೆ

ಗಣೆ ಏರಿದವರನ್ನು ಊರೆಲ್ಲ ನೋಡುತ್ತದೆ. ಗಣೆ ಹೊತ್ತವನನ್ನು ನೋಡುವವರು ಯಾರು? ಅವನ ಕಷ್ಟ ಅವನ ಸೊಂಟಕ್ಕೆ ಗೊತ್ತು, ಅವನು ನಿಂತ ನೆಲಕ್ಕೆ ಗೊತ್ತು. ಮಾಳಿಂಗ ಅಂಥ ಕೆಳಗಿನವನು.

ಮೇಲಿನವಳು ಅವನ ಹೆಂಡತಿ ಹುಲಿಗೆವ್ವ.

ಸಂತೆ ಬಯಲಿನಲ್ಲಿ ಅವರ ಡೋಲು ಕೇಳಿದರೆ ಸಾಕು, ಜನ ಕೊಳ್ಳುವುದು ಮಾರುವುದು ಬಿಟ್ಟು ಓಡಿ ಬರುತ್ತಿದ್ದರು. ಮಾಳಿಂಗ ಬಿದಿರಿನ ಉದ್ದ ಗಣೆಯನ್ನು ನಡುಪಟ್ಟಿಗೆ ಊರಿ ನಿಲ್ಲುತ್ತಿದ್ದ. ಹುಲಿಗೆವ್ವ ಅದರ ತುದಿಗೆ ಏರಿ, ಹೊಟ್ಟೆಯನ್ನು ತುದಿಗೆ ಕೊಟ್ಟು, ಕೈಕಾಲು ಚಾಚಿ ಗಿರ್ರನೆ ತಿರುಗುತ್ತಿದ್ದಳು. ಕೊನೆಗೆ ತಿರುಗುವುದನ್ನು ನಿಲ್ಲಿಸಿ, ಗಣೆಯನ್ನು ಕೈಯಲ್ಲಿ ಹಿಡಿದು, ಮುಗಿಲಿನ ಕಡೆ ಕತ್ತೆತ್ತಿ ಒಂದು ಮಾತು ಕೇಳುತ್ತಿದ್ದಳು.

"ಭಾರ ಆತೇ...ನ?"

"ಹೂವಿನಷ್ಟ!" ಎಂದು ಮಾಳಿಂಗ ಕೆಳಗಿನಿಂದ ಕೂಗುತ್ತಿದ್ದ.

ಗಂಡ ಹೆಂಡಿರ ಸರಸವೆಂದು ಜನ ನಗುತ್ತಿದ್ದರು. ನಗು ಮುಗಿಯುವ ಮೊದಲೇ ಅವಳು ಕೈ ಬಿಟ್ಟು ತಲೆಕೆಳಗಾಗಿ ಹಾರುತ್ತಿದ್ದಳು. ಮಾಳಿಂಗ ಗಣೆಯನ್ನು ಅತ್ತ ಒಗೆದು ಅವಳನ್ನು ಎರಡೂ ತೋಳಿನಲ್ಲಿ ಹಿಡಿಯುತ್ತಿದ್ದ. ಆ ಆಟಕ್ಕೆ ಮಿಂಚುಳ್ಳಿ ಎಂದು ಹೆಸರು. ಮೀನು ಕಂಡ ಕೂಡಲೇ ನೀರಿಗೆ ಬೀಳುತ್ತದಲ್ಲ, ಆ ಹಕ್ಕಿಯ ಹೆಸರು.

ಸರಸವಲ್ಲ ಅದು. ಗಣೆಯ ತುದಿಯಲ್ಲಿದ್ದವಳು ಕೆಳಗೆ ನೋಡಬಾರದು, ನೋಡಿದರೆ ಕಣ್ಣು ಕತ್ತಲಿಡುತ್ತದೆ. ಕೆಳಗಿನವನ ಕಾಲು ನೆಲ ಕಚ್ಚಿವೆಯೋ ಇಲ್ಲವೋ ಅವಳು ಕಿವಿಯಿಂದಲೇ ತಿಳಿಯಬೇಕು. 'ಹೂವಿನಷ್ಟು' ಅಂದರೆ ನನ್ನ ಕಾಲು ಗಟ್ಟಿ ಇವೆ, ಬಾ ಎಂದು ಅರ್ಥ. ಕೇಳಿಸಿದರೆ ಹಾರಬೇಕು. ಕೇಳಿಸದಿದ್ದರೆ ಏನೇ ಆದರೂ ಗಣೆ ಬಿಡಬಾರದು.

ಹೊಳೆಯ ಆಚೆ ದಂಡೆಯಲ್ಲಿ ಜಂಬಣ್ಣನ ಮೇಳ ಇತ್ತು. ಅವರಿಗೂ ಇವರಿಗೂ ಎಣ್ಣೆ ಸೀಗೆಕಾಯಿ. ಇವರು ಆಡುವ ಬಯಲಿಗೇ ಅವರೂ ಬಂದು ಗಣೆ ಊರುತ್ತಿದ್ದರು. ಒಮ್ಮೆಯಂತೂ ಹುಲಿಗೆವ್ವ ತುದಿಯಲ್ಲಿ ನಿಂತು ಆ ಮಾತು ಕೇಳುವ ಹೊತ್ತಿಗೆ ಸರಿಯಾಗಿ ಜಂಬಣ್ಣ ತನ್ನ ಡೋಲುಗಳನ್ನೆಲ್ಲ ಬಡಿಸಿದ. ಮಾಳಿಂಗ ಗಂಟಲು ಹರಿಯುವಂತೆ ಕೂಗಿದ. ಅವಳಿಗೆ ಕೇಳಿಸಲಿಲ್ಲ. ಬಡಿಯುವವರ ಕೈ ಸೋಲುವತನಕ ಅವಳು ಸುಡುವ ಬಿಸಿಲಿನಲ್ಲಿ ಗಣೆಗೆ ಅಂಟಿಕೊಂಡೇ ಇದ್ದಳು.

ಇಳಿದ ಮೇಲೆ ಮಾಳಿಂಗ ಕೊಡಲಿ ಹುಡುಕಿದ. ಅವಳು ಅವನ ಕೈ ಹಿಡಿದು, "ಅವರಿಗೆ ಆ ಮಾತಿನ ಗುಟ್ಟು ಗೊತ್ತಿಲ್ಲ ಬಿಡು. ಗೊತ್ತಿದ್ರ ಬಡೀತಿರಲಿಲ್ಲ," ಎಂದಳು.

ಅವಳು ಕ್ಷಮಿಸಿದಳು. ಅವನು ಕ್ಷಮಿಸಲಿಲ್ಲ.

ಅಷ್ಟೆತ್ತರದಿಂದ ಹಾರುತ್ತಲೇ ಬದುಕಿದ ಹೆಂಗಸು ಒಂದು ಮಳೆಗಾಲ ಚಾಪೆಯ ಮೇಲೆ ಮಲಗಿ, ಜ್ವರ ಬಂದು ಸತ್ತಳು. ಗಣೆಯಿಂದ ಬಿದ್ದು ಸತ್ತಿದ್ದರೆ ನಾಲ್ಕು ಊರು ಅತ್ತು ನೆನಪಿಡುತ್ತಿತ್ತು. ಜ್ವರಕ್ಕೆ ಸತ್ತವಳನ್ನು ಯಾರು ನೆನೆಯುತ್ತಾರೆ?

ಮಾಳಿಂಗ ಗಣೆಯನ್ನು ಮಾಡಿನ ಕೆಳಗೆ ಸಿಕ್ಕಿಸಿ ಇಟ್ಟ. ಮತ್ತೆ ಮುಟ್ಟಲಿಲ್ಲ.

ಒಂದು ದಿನ ಜಂಬಣ್ಣನೇ ಹೊಳೆ ದಾಟಿ ಅವನ ಗುಡಿಸಲಿಗೆ ಬಂದ. ಬಾಗಿಲಲ್ಲಿ ನಿಂತು ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಮಾಳಿಂಗಣ್ಣಾ, ನನ್ನ ಮಗಳು ಕೆಂಚವ್ವ ಮಿಂಚುಳ್ಳಿ ಹಾರತೀನಿ ಅಂತ ಹಟ ಹಿಡದಾಳ. ಗಂಡ ಜಡೆಪ್ಪ ಗಣೆ ಹೊರತಾನ. ದೂರ ನಿಂತು ನೋಡಿದ್ದು ಬಿಟ್ರ ಇಬ್ಬರಿಗೂ ಏನೂ ಗೊತ್ತಿಲ್ಲ. ಬ್ಯಾಡ ಅಂದ್ರ ಕದ್ದು ಹಾರತಾರ. ನೀ ಬಂದು ಕಲಸು. ಹುಲಿಗೆವ್ವನಂಥಾಕಿ ಈ ಸೀಮ್ಯಾಗ ಹುಟ್ಟಿರಲಿಲ್ಲ."

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಎಂದ ಮಾಳಿಂಗ. "ಬದುಕಿದ್ದಾಗ ಡೋಲು ಬಡಿಸಿದ್ದಿ."

ಜಂಬಣ್ಣ ತಲೆ ತಗ್ಗಿಸಿದ. "ಬಡಿಸಿದ್ದೆ. ಈಗ ಬಂದು ನಿಂತೀನಿ."

ಮಾಳಿಂಗ ಆಗಲಿ ಎನ್ನಲಿಲ್ಲ, ಆಗದು ಎಂದೂ ಅನ್ನಲಿಲ್ಲ. ಎದ್ದು ಗುರುವಿನ ಹತ್ತಿರ ಹೋದ.

ಗುರು ಎಂದರೆ ಹೊಳೆಯ ಈಚೆ ದಂಡೆಯ ಮಠದ ಅಜ್ಜ. ಮಠವೆಂದರೂ ಒಂದು ಹಂಚಿನ ಕೋಣೆ, ಒಂದು ಕಲ್ಲು ಕಟ್ಟೆ, ಅಷ್ಟೆ. ಮಾಳಿಂಗ ಹರೆಯದಲ್ಲಿ ಗಣೆ ಬಿಟ್ಟು ಶಿಷ್ಯನಾಗುತ್ತೇನೆಂದು ಅಲ್ಲಿಗೆ ಹೋಗಿದ್ದ. "ಗಣೆ ಬಿಟ್ಟು ಬಂದರ ನಿನಗೇನು ಕಲಸ್ಲಿ? ಹೊತ್ಕೊಂಡ ಬಾ," ಎಂದು ಅಜ್ಜ ಕಳಿಸಿದ್ದ. ಅಂದಿನಿಂದ ಪ್ರತಿ ಬೇಸಿಗೆ ಹೋಗಿ, ಕಸ ಗುಡಿಸಿ, ನೀರು ತಂದು, ಅಜ್ಜನ ಮಾತು ಕೇಳಿ ಬರುವುದು ಅವನ ರೂಢಿ. ಈಗ ಅಜ್ಜನ ಮೊಣಕಾಲು ಸೋತಿದ್ದವು. ಕಟ್ಟೆಯಿಂದ ಕೋಣೆಗೆ ಹೋಗಬೇಕಾದರೂ ಯಾರಾದರೂ ಎತ್ತಬೇಕಿತ್ತು.

ಮಾಳಿಂಗ ಕಾಲಿಗೆ ಬಿದ್ದು ಎಲ್ಲ ಹೇಳಿದ.

"ನಾ ಏನು ಹೇಳಬೇಕಂತ ಬಂದಿ?" ಅಜ್ಜ ಕೇಳಿದ.

"ಕಲಸಬ್ಯಾಡ ಅನ್ರಿ ಅಜ್ಜಾರ. ನಿಮ್ಮ ಅಪ್ಪಣೆ ಅಂತ ಹೇಳಿ ಕಳಸ್ತೀನಿ."

"ಅಲ್ಲೊಂದು ಬಿದಿರು ಐತಿ ನೋಡು. ಅಂಗೈ ಮ್ಯಾಲ ನಿಲ್ಲಸು."

ಬಟ್ಟೆ ಒಣಹಾಕುವ ಬಿದಿರು ಅದು. ಮಾಳಿಂಗ ಅದನ್ನು ಅಂಗೈ ಮೇಲೆ ನಿಲ್ಲಿಸಿದ. ಬಿದಿರು ಅತ್ತ ವಾಲಿತು, ಅವನು ಅತ್ತ ಓಡಿದ. ಇತ್ತ ವಾಲಿತು, ಇತ್ತ ಓಡಿದ.

"ಯಾಕೋ ಕುಣಿಯಾಕ ಹತ್ತಿ? ಸಂತ್ಯಾಗ ಕಲ್ಲಿನಂಗ ನಿಲ್ಲತಿದ್ದೆಲ್ಲ."

"ಖಾಲಿ ಗಣೆ ನಿಲ್ಲಂಗಿಲ್ಲರಿ. ಮ್ಯಾಲೊಂದು ಜೀವ ಇದ್ರ ನಿಲ್ಲತೈತಿ. ಭಾರ ಇದ್ರ ನಿಧಾನ ವಾಲತೈತಿ, ಸಂಭಾಳಿಸಾಕ ಹೊತ್ತು ಸಿಗತೈತಿ. ಖಾಲಿ ಇದ್ರ ಕುಣಿಸೇ ಕುಣಿಸತೈತಿ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರೋ ಮಾತು ಐತ್ರಿ ಇದು."

"ಗೊತ್ತೈತಿ ಹೌದಿಲ್ಲೋ?"

"ಹೌದ್ರಿ."

"ಹಂಗಾದ್ರ ಆಕಿ ಹೋದಾಗಿಂದ ಖಾಲಿ ಗಣೆ ಹಿಡಕೊಂಡು ಯಾಕ ಕುಣೀತಿ?"

ಬಿದಿರು ಕೆಳಗೆ ಬಿತ್ತು.

"ಮಿಂಚುಳ್ಳಿ ಆಕಿದು ಅಜ್ಜಾರ. ಅದನ್ನೂ ಜಂಬಣ್ಣನ ಮಂದಿಗೆ ಕೊಟ್ಟಬಿಟ್ರ ನನ್ನ ಹತ್ರ ಏನು ಉಳೀತೈತ್ರಿ?"

"ಈಗೇನು ಉಳದೈತಿ?"

ಮರುದಿನ ಮಾಳಿಂಗ ಗಣೆಯನ್ನು ಮಾಡಿನಿಂದ ಇಳಿಸಿ, ಹೆಗಲ ಮೇಲೆ ಇಟ್ಟುಕೊಂಡು ಹೊಳೆ ದಾಟಿದ.

ಆಚೆ ದಂಡೆಯಲ್ಲಿ ಅವನು ಯಾರ ಮನೆಯ ರೊಟ್ಟಿಯನ್ನೂ ಮುಟ್ಟಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ, ಮರದ ಕೆಳಗೆ ಒಬ್ಬನೇ ಉಣ್ಣುತ್ತಿದ್ದ. ಹಗೆಯ ಮನೆಗೆ ಕೆಲಸಕ್ಕೆ ಬಂದಿದ್ದೇನೆ, ನೆಂಟಸ್ತಿಕೆಗಲ್ಲ ಎಂಬ ಬಿಗುಮಾನ. ಆದರೆ ಕಲಿಸುವುದರಲ್ಲಿ ಕಳ್ಳತನ ಮಾಡಲಿಲ್ಲ. ಜಡೆಪ್ಪನಿಗೆ ಕಾಲ್ಬೆರಳಿನಿಂದ ನೆಲ ಹಿಡಿಯುವುದನ್ನು ಕಲಿಸಿದ. ಗಣೆ ಒಗೆಯುವುದನ್ನು ಕಲಿಸಿದ. ಕೆಂಚವ್ವನಿಗೆ ಬೆನ್ನು ಬಗ್ಗಿಸುವುದನ್ನು, ಭಯವನ್ನು ನುಂಗುವುದನ್ನು ಕಲಿಸಿದ. ಮೊದಮೊದಲು ಕೆಳಗೆ ಹುಲ್ಲಿನ ರಾಶಿ, ಅದರ ಮೇಲೆ ಹಾಸಿದ ಕೌದಿ.

ಜಡೆಪ್ಪ ಗಟ್ಟಿ ಆಳು, ಆದರೆ ನಾಲಗೆ ಮಂದ. ಕಾಲಿನ ಕಡೆ ಗಮನ ಇದ್ದರೆ ಬಾಯಿ ಏಳುತ್ತಿರಲಿಲ್ಲ, ಬಾಯಿ ಎದ್ದರೆ ಕಾಲು ಮರೆಯುತ್ತಿತ್ತು. ಹಾಗಾಗಿ ಮಾಳಿಂಗ ಪಕ್ಕದಲ್ಲಿ ನಿಂತು, ಜಡೆಪ್ಪನ ಪಾದ ನೋಡಿ, ತಾನೇ "ಹೂವಿನಷ್ಟ" ಎನ್ನುತ್ತಿದ್ದ. ಆ ದನಿ ಕೇಳಿ ಕೆಂಚವ್ವ ಹಾರುತ್ತಿದ್ದಳು. ಹಾಗೆಯೇ ಬಹಳ ದಿನ ನಡೆಯಿತು.

ಕೆಂಚವ್ವ ಆ ಪ್ರಶ್ನೆಯನ್ನು ಬದನೆಕಾಯಿಯ ದರ ಕೇಳಿದ ಹಾಗೆ ಕೇಳುತ್ತಿದ್ದಳು.

"ಹಂಗಲ್ಲವ್ವಾ," ಎಂದ ಮಾಳಿಂಗ. "ಆತೇ... ಅಂತ ಎಳೀಬೇಕು."

"ಯಾಕ ಕಾಕಾ?"

"ನೀ ಎಳದಷ್ಟು ಕೆಳಗಿನಾಂವಗ ಕಾಲೂರಾಕ ಹೊತ್ತು ಸಿಗತೈತಿ."

ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಅವನಿಗೆ ಆ ದನಿ ಮತ್ತೆ ಕೇಳಬೇಕಿತ್ತು. ತಿದ್ದಿ ತಿದ್ದಿ, ಎಳೆಸಿ ಎಳೆಸಿ, ಒಂದು ದಿನ ಗಣೆಯ ತುದಿಯಿಂದ ಹುಲಿಗೆವ್ವನೇ ಕೇಳಿದಂತೆ ಕೇಳಿಸಿತು. ಮಾಳಿಂಗ ಆ ಕಡೆ ತಿರುಗಿ ರುಮಾಲಿನ ಸೆರಗಿನಲ್ಲಿ ಮುಖ ಒರೆಸಿಕೊಂಡ. ಅವತ್ತು ಮೊದಲ ಸಲ ಜಂಬಣ್ಣನ ಮನೆಯಲ್ಲಿ ರೊಟ್ಟಿ ತಿಂದ. ಎಷ್ಟೋ ದಿನದ ಮೇಲೆ ರೊಟ್ಟಿಗೆ ರುಚಿ ಇತ್ತು.

ಬರುಬರುತ್ತ ಜಡೆಪ್ಪನ ನಾಲಗೆಯೂ ಪಳಗಿತು. ಈಗ ಅವನೇ ಉತ್ತರ ಹೇಳುತ್ತಿದ್ದ. ಹುಲ್ಲಿನ ರಾಶಿ ತೆಗೆದರು.

"ಇನ್ನ ನಾ ಇರೂದು ಬ್ಯಾಡ," ಎಂದ ಮಾಳಿಂಗ.

"ಮೊದಲ ಆಟ ನೋಡಿ ಹೋಗು ಕಾಕಾ," ಎಂದಳು ಕೆಂಚವ್ವ. "ನೀ ಇದ್ರ ನನಗ ಧೈರ್ಯ."

ಸಂತೆಯ ದಿನ ಬಯಲು ಇರುವೆ ಮುತ್ತಿದಂತೆ ತುಂಬಿತ್ತು. ಜಂಬಣ್ಣ ಮಾಳಿಂಗನಿಗೆ ಮುಂದೆ ಕಂಬಳಿ ಹಾಸಿದ. ಮಾಳಿಂಗ ಕೂರಲಿಲ್ಲ. ಹಗೆಯ ಮೇಳದಲ್ಲಿ ಮುಂದೆ ಕೂರುವುದು ಹೇಗೆ? ಹಿಂದೆ ಹೋಗಿ ಜನರ ನಡುವೆ ನಿಂತ.

ಡೋಲು ಬಡಿದವು. ಕೆಂಚವ್ವ ಏರಿದಳು, ತಿರುಗಿದಳು, ಬಯಲೆಲ್ಲ ಬಾಯಿ ತೆರೆದು ನೋಡಿತು. "ಜಂಬಣ್ಣನ ಮೇಳ ಅಂದ್ರ ಮೇಳ," ಎಂದು ಪಕ್ಕದವನೊಬ್ಬ ಹೇಳಿದ. ಹುಲಿಗೆವ್ವನ ಹೆಸರನ್ನು ಯಾರೂ ಎತ್ತಲಿಲ್ಲ.

ಕೆಂಚವ್ವ ತಿರುಗುವುದನ್ನು ನಿಲ್ಲಿಸಿದಳು. ಜಂಬಣ್ಣ ಕೈ ಎತ್ತಿದ. ಎಲ್ಲ ಡೋಲು ಒಮ್ಮೆಲೇ ನಿಂತವು. ಅದನ್ನೂ ಮಾಳಿಂಗನೇ ಹೇಳಿಕೊಟ್ಟಿದ್ದ, ಆ ಹೊತ್ತಿಗೆ ಒಂದು ಸದ್ದೂ ಇರಬಾರದು ಎಂದು.

ಜಡೆಪ್ಪನ ಎಡಗಾಲಿನ ಕೆಳಗೆ ಒಂದು ಹರಳು ಸಿಕ್ಕಿತ್ತು. ಅವನು ಕಾಲನ್ನು ಮೆಲ್ಲಗೆ ಸರಿಸುತ್ತಿದ್ದ. ತಪ್ಪೇನಿಲ್ಲ ಅದರಲ್ಲಿ. ಕಾಲು ಗಟ್ಟಿಯಾಗುವತನಕ ಬಾಯಿ ಬಿಡಬಾರದು ಎಂದು ಕಲಿತಿದ್ದ, ಹಾಗೇ ಮಾಡುತ್ತಿದ್ದ.

"ಭಾರ ಆತೇ...ನ?"

ಆ ದನಿ. ಆ ಬಿಸಿಲು. ಆ ಮುಗಿಲು.

"ಹೂವಿನಷ್ಟ!"

ಯಾರು ಅಂದರು ಎಂದು ಮಾಳಿಂಗ ತಿರುಗಿ ನೋಡಿದ. ಜನ ಅವನನ್ನೇ ನೋಡುತ್ತಿದ್ದರು.

ಕೆಂಚವ್ವ ಆಗಲೇ ಕೈ ಬಿಟ್ಟಿದ್ದಳು.

ಜಡೆಪ್ಪ ಗಣೆ ಒಗೆದ, ಮುಗ್ಗರಿಸಿದ, ಅವಳ ಒಂದೇ ಕೈ ಅವನಿಗೆ ಸಿಕ್ಕಿತು. ಅದರಿಂದ ಅವಳ ತಲೆ ಉಳಿಯಿತು. ಬೆನ್ನು ಉಳಿಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತು ಒಡೆದರೆ ಇನ್ನೊಂದು ಸಿಕ್ಕೀತು. ಕೆಂಚವ್ವ ಇನ್ನು ಏಳುವುದಿಲ್ಲ, ಸೊಂಟದ ಕೆಳಗೆ ಜೀವ ಇಲ್ಲ ಎಂದು ನೋಡಿದವರೆಲ್ಲ ಹೇಳಿದರು.

ಯಾರೂ ಮಾಳಿಂಗನನ್ನು ಬೈಯಲಿಲ್ಲ. ಜಂಬಣ್ಣ ಹೊಡೆಯಲಿಲ್ಲ. ಜಡೆಪ್ಪ ಮುಖ ತಿರುಗಿಸಲಿಲ್ಲ, ಬರೀ ಅವನ ಬಾಯಿಯನ್ನೇ ನೋಡಿದ. ಹೊಡೆದಿದ್ದರೆ ಮಾಳಿಂಗ ಬದುಕಿಕೊಳ್ಳುತ್ತಿದ್ದ.

ಅವನು ಹೊಳೆ ದಾಟಿ ಬಂದು ಮಠದ ಕಟ್ಟೆಯ ಕೆಳಗೆ ಬಿದ್ದುಕೊಂಡ. ಉಣ್ಣಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಬಾಯಿ ತೆರೆಯಲು ಅವನಿಗೆ ಭಯ. ಅಜ್ಜ ತಾನೂ ಮಾತಾಡಿಸಲಿಲ್ಲ. ತನ್ನ ಗಂಗಾಳದ ಅನ್ನದಲ್ಲಿ ಅರ್ಧ ಅವನ ಮುಂದೆ ಇಡಿಸುತ್ತಿದ್ದ. ಕಾಗೆ ತಿನ್ನುತ್ತಿದ್ದವು.

ಕಡೆಗೆ ಒಂದು ಬೆಳಿಗ್ಗೆ ಮಾಳಿಂಗನೇ ಬಾಯಿ ಬಿಟ್ಟ.

"ನೀವ ಕಳಿಸಿದ್ರಿ."

"ಹೌದು," ಎಂದ ಅಜ್ಜ. "ನಾನ ಕಳಿಸ್ದೆ."

ಮಾಳಿಂಗ ಜಗಳಕ್ಕೆ ಬಂದಿದ್ದ. ಜಗಳ ಸಿಗಲಿಲ್ಲ.

"ಆಕಿ ಏಳಂಗಿಲ್ಲರಿ ಇನ್ನ."

"ಏಳಂಗಿಲ್ಲ."

"ಏನರ ಹೇಳ್ರಿ ಅಜ್ಜಾರ! ಕರ್ಮ ಅನ್ರಿ. ಶಿವನ ಇಚ್ಛಾ ಅನ್ರಿ."

"ಶಿವ ಬಾಯಿ ಬಿಟ್ಟಿರಲಿಲ್ಲ ತಮ್ಮಾ. ಬಿಟ್ಟಾಂವ ನೀನು."

ಮಾಳಿಂಗ ಹಣೆಯನ್ನು ಕಲ್ಲಿಗೆ ಬಡಿದುಕೊಂಡ. ಅಜ್ಜ ತಡೆಯಲಿಲ್ಲ. ಅವನಾಗಿಯೇ ನಿಲ್ಲಿಸಿದ.

"ನಾ ಆಟ ನೋಡಾಕ ಹೋಗಿದ್ದಿಲ್ಲರಿ. ಹುಲಿಗಿ ದನಿ ಕೇಳಾಕ ಹೋಗಿದ್ದೆ. ಆ ಹುಡುಗಿ ಗಂಟಲಾಗ ನನ್ನ ಹೆಂಡ್ತಿನ್ನ ಕೂಡಿಸಿದ್ದೆ. ಕೇಳಿದ್ದು ಹುಲಿಗಿ ಅಂತ ಅನ್ನಸ್ತು, ಅಂದುಬಿಟ್ಟೆ."

"ಹೂಂ."

"ಖಾಲಿ ಗಣೆ ಹಿಡಕೊಂಡು ಕುಣಿಯೂದ ಚಲೋ ಇತ್ತು."

ಹೊಳೆಯಲ್ಲಿ ಬೇಸಿಗೆಯ ನೀರು ಮೆಲ್ಲಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಜಂಬಣ್ಣನ ಮಂದಿಯ ಗುಡಿಸಲುಗಳಿಂದ ಒಲೆಯ ಹೊಗೆ ಏಳುತ್ತಿತ್ತು.

"ಕೆಂಚವ್ವ ಮ್ಯಾಲಿಂದ ಮ್ಯಾಲ ಹೇಳಿ ಕಳಸಾಕ ಹತ್ಯಾಳ," ಎಂದ ಮಾಳಿಂಗ. "ಕಾಕಾನ್ನ ಕರೀರಿ, ಕಾಕಾ ಬರಲಿ ಅಂತ."

"ಯಾಕಂತ?"

"ಗೊತ್ತಿಲ್ಲರಿ. ಬೈಯಾಕ ಕರೀತಾಳ ಅನ್ನೂದು ಖಾತ್ರಿ ಇದ್ರ ಓಡಿಕೋತ ಹೋಗ್ತಿದ್ದೆ. ಬೈಯದಿದ್ರ? ಹುಲಿಗಿ ಹಂಗ ಕೈ ಹಿಡದು ಬಿಡು ಕಾಕಾ ಅಂದ್ರ? ನಾ ಎಲ್ಲಿ ಸಾಯ್ಲಿ?"

ಅವನು ಅತ್ತ. ದೊಡ್ಡ ಗಂಡಸು, ಕಲ್ಲಿನಂತೆ ನಿಲ್ಲುತ್ತಿದ್ದವನು, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತ.

"ಇದು ನನ್ನ ಕೈಲಿ ಹೊರಾಕ ಆಗಂಗಿಲ್ಲ ಅಜ್ಜಾರ. ಕಳಿಸಿದವರು ನೀವು. ಅರ್ಧ ನೀವು ಹೊರ್ರಿ."

"ಹೊರತೀನಿ," ಎಂದ ಅಜ್ಜ. "ಆದ್ರ ನನಗ ನಡಿಯಾಕ ಬರಂಗಿಲ್ಲ. ನನ್ನ ನೀ ಹೊರು."

ಮಾಳಿಂಗ ಕಣ್ಣೊರೆಸಿಕೊಂಡು ನೋಡಿದ. ಅಜ್ಜ ತಮಾಷೆ ಮಾಡುತ್ತಿರಲಿಲ್ಲ. ಎರಡೂ ಕೈ ಚಾಚಿ ಕಾಯುತ್ತಿದ್ದ.

ಸ್ನಾನದ ಹೊತ್ತಾಗಿರಬೇಕು ಎಂದುಕೊಂಡು ಮಾಳಿಂಗ ಬಗ್ಗಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡ. ಎಲುಬಿನ ಗೂಡಿನಂಥ ಮುದುಕ. ಆದರೂ ಉಪವಾಸದ ಕಾಲು ನಡುಗಿದವು. ಹುಲಿಗೆವ್ವ ಹೋದ ಮೇಲೆ ಆ ಮೈ ಯಾವ ಜೀವವನ್ನೂ ಹೊತ್ತಿರಲಿಲ್ಲ.

ನೀರಿಗಿಳಿದು ನಿಂತ.

"ಮುಂದ ನಡಿ," ಎಂದ ಅಜ್ಜ.

ಮೊಣಕಾಲು ಮುಳುಗಿತು.

"ಇನ್ನೂ ಮುಂದ."

ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ನಡುಹೊಳೆಯಲ್ಲಿ ಪಾದದ ಕೆಳಗಿನ ಮರಳು ಜಾರತೊಡಗಿತು. ಮಾಳಿಂಗ ಕಾಲ್ಬೆರಳಿನಿಂದ ನೆಲ ಹಿಡಿಯಲು ನೋಡಿದ. ಹಿಡಿತ ಸಿಗಲಿಲ್ಲ.

ಮೇಲಿನಿಂದ ದನಿ ಬಂತು.

"ಭಾರ ಆತೇನಪಾ?"

ಮಾಳಿಂಗ ನಿಂತುಬಿಟ್ಟ. ಆ ಮಾತು ಅಭ್ಯಾಸದಂತೆ ತಾನೇ ಎದ್ದು ನಾಲಗೆಯ ತುದಿಗೆ ಬಂತು. ಬದುಕೆಲ್ಲ ಅದನ್ನೇ ಹೇಳಿದ್ದ. ಮೈ ಕೆಂಡದಂತೆ ಸುಡುವಾಗಲೂ ಹೇಳಿದ್ದ, ಪಾದಕ್ಕೆ ಮುಳ್ಳು ನೆಟ್ಟಾಗಲೂ ಹೇಳಿದ್ದ. ಕಾಲು ಗಟ್ಟಿ ಇದ್ದದ್ದು ನಿಜ. ಭಾರ ಇಲ್ಲ ಎಂದದ್ದು ಮಾತ್ರ ಒಂದು ಸಲವೂ ನಿಜವಾಗಿರಲಿಲ್ಲ.

ಅವನು ಹಲ್ಲು ಕಚ್ಚಿದ. ಆ ಮಾತನ್ನು ಹೊರಗೆ ಬಿಡಲಿಲ್ಲ.

"ಭಾರ ಐತ್ರಿ ಅಜ್ಜಾರ," ಎಂದ. "ಭಾಳ ಭಾರ ಐತಿ. ತಡಿಯಾಕ ಆಗವಲ್ದು. ಇಳಸ್ಲೇನ್ರಿ?"

"ಇಳಸಬ್ಯಾಡ," ಎಂದ ಅಜ್ಜ. "ಕೆಂಚವ್ವನ ಮನಿ ಆಚಿ ದಂಡಿಗೆ ಐತಿ."